ಪ್ರಕೃತಿ ಕೇಂದ್ರದ ಖಾಯಂ ಹಕ್ಕಿಗಳ ಒಡನಾಟ: ಅರ್ಜಿಯಿಂದ ಕೈಗವಸಿನವರೆಗೆ

ಪ್ರಕೃತಿ ಕೇಂದ್ರಗಳಲ್ಲಿ ಖಾಯಂ ಆಗಿ ಉಳಿದುಕೊಂಡಿರುವ ಗೂಬೆ, ಹದ್ದು, ಚಾಣಗಳನ್ನು ನೋಡಿಕೊಳ್ಳಲು ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತಾರೆ. ಅದರ ತರಬೇತಿಯನ್ನು ನಾನು ಈಗಷ್ಟೇ ಮುಗಿಸಿದ್ದೇನೆ. ಹೊಸದಾಗಿ ಸೇರುವವರಿಗೆ ಮೊದಲೇ ಗೊತ್ತಿರಬೇಕಾದ ವಿಷಯ ಒಂದಿದೆ: ಆರಂಭದ ತಿಂಗಳುಗಳಲ್ಲಿ ಹಕ್ಕಿಯನ್ನು ಮುಟ್ಟಲಿಕ್ಕೇ ಬಿಡುವುದಿಲ್ಲ. ಗೂಬೆಯನ್ನು ಕೈಮೇಲೆ ಕೂರಿಸಿಕೊಳ್ಳುವ ಆಸೆಯಿಂದ ಬಂದು, ವಾರಗಟ್ಟಲೆ ಹಿಕ್ಕೆ ತೊಳೆದು, ಬೇಸತ್ತು ಹೋಗುವವರಿದ್ದಾರೆ. ಆ ವಾರಗಳಲ್ಲಿ ಕಲಿಯುವುದೇನು ಅಂತ ಗೊತ್ತಿದ್ದರೆ ಕಾಯುವುದು ಅಷ್ಟು ಭಾರವಾಗುವುದಿಲ್ಲ.

ಮೊದಲು ಈ ಹಕ್ಕಿಗಳು ಯಾರು ಅಂತ ತಿಳಿದುಕೊಳ್ಳಿ. ಇವು ಸಾಕಿದ ಹಕ್ಕಿಗಳಲ್ಲ. ವಾಹನಕ್ಕೆ ಬಡಿದು ಒಂದು ಕಣ್ಣು ಹೋದ ಗೂಬೆ, ಕೀಲಿನ ಹತ್ತಿರ ಮೂಳೆ ಮುರಿದು ರೆಕ್ಕೆ ಪೂರ್ತಿ ಬಿಚ್ಚಲಾರದ ಹದ್ದು, ಮರಿಯಿದ್ದಾಗಲೇ ಮನುಷ್ಯರ ಕೈಯಲ್ಲಿ ಬೆಳೆದು ತಾನು ಹಕ್ಕಿ ಅನ್ನುವುದನ್ನೇ ಕಲಿಯದ ಚಾಣ, ಇಂಥವು. ರೆಕ್ಕೆಯ ನಡುಮೂಳೆ ಮುರಿದರೆ ಕೂಡಿಕೊಂಡು ಮತ್ತೆ ಹಾರುವ ಸಾಧ್ಯತೆ ಇರುತ್ತದೆ. ಕೀಲಿಗೆ ಅಂಟಿಕೊಂಡಂತೆ ಮುರಿದರೆ ಕೀಲು ಬಿಗಿದುಕೊಂಡುಬಿಡುತ್ತದೆ. ಹಾರಿ ಬೇಟೆಯಾಡಲಾಗದ ಬೇಟೆಹಕ್ಕಿಯನ್ನು ಕಾಡಿಗೆ ಬಿಟ್ಟರೆ ಹಸಿವಿನಿಂದ ಸಾಯುತ್ತದೆ. ಹಾಗಾಗಿ ಅವು ಇಲ್ಲಿವೆ. ಪ್ರತಿ ಹಕ್ಕಿಗೂ ಒಂದು ಕಡತ ಇರುತ್ತದೆ: ಯಾವಾಗ ಬಂತು, ಏನು ಗಾಯ, ಏನು ಚಿಕಿತ್ಸೆ, ಯಾಕೆ ಬಿಡಲಾಗಲಿಲ್ಲ. ಕೇಳಿ ಪಡೆದು ಓದಿ. ಯಾವ ಕಡೆಯ ಕಣ್ಣು ಕಾಣದು, ಯಾವ ರೆಕ್ಕೆ ಮುಟ್ಟಿದರೆ ನೋವು ಅನ್ನುವುದು ಅಲ್ಲಿರುತ್ತದೆ, ಮುಂದಿನ ಎಲ್ಲ ಹಂತದಲ್ಲೂ ಅದು ಬೇಕಾಗುತ್ತದೆ.

ಕಾಗದಪತ್ರದ ಕೆಲಸ ದೊಡ್ಡದೇನಲ್ಲ, ಆದರೆ ತಡ ಮಾಡಿಸುತ್ತದೆ. ಅರ್ಜಿ, ಗುರುತಿನ ಚೀಟಿ, ಅಪಾಯದ ಅರಿವಿದೆ ಅನ್ನುವ ಒಪ್ಪಿಗೆ ಪತ್ರ, ಧನುರ್ವಾಯು ಲಸಿಕೆ ಹಾಕಿಸಿಕೊಂಡ ದಾಖಲೆ. ಲಸಿಕೆ ಹಾಕಿಸಿ ಹತ್ತು ವರ್ಷ ದಾಟಿದ್ದರೆ ಅರ್ಜಿ ಕೊಡುವ ಮುಂಚೆಯೇ ಮತ್ತೆ ಹಾಕಿಸಿಕೊಳ್ಳಿ. ಮನೆಯಲ್ಲಿ ಕೋಳಿ, ಪಾರಿವಾಳ, ಗಿಳಿ ಇದ್ದರೆ ಮುಚ್ಚಿಡದೆ ಹೇಳಬೇಕು. ಹಕ್ಕಿಜ್ವರ ಬಟ್ಟೆ, ಚಪ್ಪಲಿಯ ಮೂಲಕವೂ ದಾಟಿಕೊಳ್ಳುತ್ತದೆ. ಅಂಥವರಿಗೆ ಕೇಂದ್ರದಲ್ಲೇ ಇಡುವ ಬೇರೆ ಬೂಟು, ಬೇರೆ ಅಂಗಿ ಕಡ್ಡಾಯ. ಖರ್ಚು ಅಂದರೆ ಮುಖ್ಯವಾಗಿ ಇವೇ: ಲಸಿಕೆ, ಜಾರದ ರಬ್ಬರ್ ಬೂಟು, ಸರಸರ ಸದ್ದು ಮಾಡದ ಹತ್ತಿ ಬಟ್ಟೆ, ಓಡಾಟ. ದಪ್ಪ ಚರ್ಮದ ಕೈಗವಸು ಕೇಂದ್ರದ್ದೇ ಇರುತ್ತದೆ, ಮುಂಚಿತವಾಗಿ ಕೊಂಡುಕೊಳ್ಳಬೇಡಿ. ಹಕ್ಕಿಯ ಗಾತ್ರಕ್ಕೆ ತಕ್ಕಂತೆ ಅದು ಬೇರೆ ಬೇರೆ.

ಮೊದಲ ಕೆಲಸ ಆವರಣ ತೊಳೆಯುವುದು. ಆವರಣಕ್ಕೆ ಎರಡು ಬಾಗಿಲು: ಒಂದನ್ನು ಮುಚ್ಚಿ, ಚಿಲಕ ಬಿದ್ದಿದೆಯೇ ಅಂತ ಎಳೆದು ನೋಡಿದ ಮೇಲೇ ಇನ್ನೊಂದನ್ನು ತೆಗೆಯಬೇಕು. ಎರಡೂ ಒಟ್ಟಿಗೆ ತೆರೆದಿರುವ ಗಳಿಗೆಯೇ ಬರಬಾರದು. ಒಳಗೆ ಹೋದಾಗ ನೇರ ಹಕ್ಕಿಯ ಕಡೆ ನಡೆಯದೆ ಪಕ್ಕಕ್ಕೆ ತಿರುಗಿ, ಕಣ್ಣಲ್ಲಿ ಕಣ್ಣಿಡದೆ ಕೆಲಸ ಮಾಡಬೇಕು. ಎರಡೂ ಕಣ್ಣು ನೆಟ್ಟು ದಿಟ್ಟಿಸುವುದು ಬೇಟೆಗಾರನ ನೋಟ, ಹಕ್ಕಿಗೆ ಅದು ಚೆನ್ನಾಗಿ ಗೊತ್ತು.

ತೊಳೆಯುವುದಕ್ಕೂ ಕ್ರಮವಿದೆ. ಹಿಕ್ಕೆ, ತುಪ್ಪಳ, ಉಳಿದ ಮಾಂಸ ಮೊದಲು ಕೆರೆದು ತೆಗೆಯಬೇಕು, ಆಮೇಲೆ ಸೋಪು ನೀರು, ಆಮೇಲೆ ಸೋಂಕುನಾಶಕ. ಕೊಳೆಯ ಮೇಲೆಯೇ ಸೋಂಕುನಾಶಕ ಸುರಿದರೆ ಅದು ಕೊಳೆಯಲ್ಲೇ ಸತ್ತುಹೋಗುತ್ತದೆ, ಕೆಳಗಿನ ಕಲ್ಲಿಗೆ ತಲುಪುವುದಿಲ್ಲ. ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಒದ್ದೆಯಾಗಿಯೇ ಬಿಟ್ಟು, ಚೆನ್ನಾಗಿ ನೀರು ಹಾಯಿಸಿ, ಒಣಗಿಸಬೇಕು. ಬ್ಲೀಚ್ ಮತ್ತು ಅಮೋನಿಯಾ ಇರುವ ದ್ರಾವಣವನ್ನು ಎಂದೂ ಬೆರೆಸಬೇಡಿ, ಏಳುವ ಹೊಗೆ ನಮಗೂ ಅಪಾಯ, ಹಕ್ಕಿಯ ಸೂಕ್ಷ್ಮ ಶ್ವಾಸಕೋಶಕ್ಕೆ ಇನ್ನೂ ಹೆಚ್ಚು. ಒದ್ದೆ ಹುಲ್ಲು, ಕೊಳೆತ ಎಲೆ ಮೂಲೆಯಲ್ಲಿ ಉಳಿಯಬಾರದು. ಅಲ್ಲಿ ಬೆಳೆಯುವ ಆಸ್ಪರ್ಜಿಲಸ್ ಬೂಷ್ಟಿನ ಕಣಗಳು ಉಸಿರಿನೊಂದಿಗೆ ಗಾಳಿಚೀಲಕ್ಕೆ ಸೇರಿದರೆ ವಾಸಿ ಮಾಡುವುದು ಬಹಳ ಕಷ್ಟ. ಆರೋಗ್ಯವಾಗಿರುವ ಹಕ್ಕಿಯ ಆವರಣ ಮೊದಲು, ಕಾಯಿಲೆಯದ್ದು ಕೊನೆಗೆ. ಒಂದರ ಪೊರಕೆ ಇನ್ನೊಂದಕ್ಕೆ ಹೋಗುವಂತಿಲ್ಲ.

ಈ ಕೆಲಸ ಮಾಡುತ್ತಲೇ ಹಿಕ್ಕೆ ಓದುವುದು ಬರುತ್ತದೆ. ಹಕ್ಕಿಯ ಪರಿಚಯ ನಿಜವಾಗಿ ಶುರುವಾಗುವುದು ಇಲ್ಲಿಂದ. ಸಹಜವಾದ ಹಿಕ್ಕೆಯಲ್ಲಿ ಮೂರು ಭಾಗ: ಕಂದು ಅಥವಾ ಕಪ್ಪು ಮಲ, ಸುಣ್ಣದಂಥ ಬಿಳಿ ಭಾಗ, ಸ್ವಲ್ಪ ತಿಳಿನೀರು. ಮಲದ ಭಾಗ ಕಡುಹಸಿರಾಗಿ ಸ್ವಲ್ಪವೇ ಇದ್ದರೆ ಹಕ್ಕಿ ಸರಿಯಾಗಿ ತಿಂದಿಲ್ಲ ಅಂತ. ಬಿಳಿಯಾಗಿರಬೇಕಾದ ಭಾಗವೇ ಹಳದಿಗೆ, ಹಸಿರಿಗೆ ತಿರುಗಿದ್ದರೆ ಪಶುವೈದ್ಯರಿಗೆ ಅದೇ ದಿನ ತಿಳಿಸಬೇಕು. ಹೋಸ್‌ಪೈಪ್ ಹಿಡಿಯುವ ಮುಂಚೆ ಒಮ್ಮೆ ನೋಡಿ ಬರೆದಿಡಿ, ತೊಳೆದುಹೋದ ಮೇಲೆ ಸಾಕ್ಷಿ ಉಳಿಯುವುದಿಲ್ಲ.

ಜೊತೆಗೆ ಕಾರಿದ ಉಂಡೆ. ಬೇಟೆಹಕ್ಕಿ ತಿಂದ ಇಲಿಯ ತುಪ್ಪಳ, ಅರಗದ ಚೂರು ಹೊಟ್ಟೆಯಲ್ಲಿ ಉಂಡೆಯಾಗಿ ಬಾಯಿಯಿಂದ ಹೊರಬರುತ್ತದೆ. ಕಣಜ ಗೂಬೆಯ ಹೊಸ ಉಂಡೆ ಕಪ್ಪಗೆ, ಮೆರುಗು ಕೊಟ್ಟ ಹಾಗೆ ಹೊಳೆಯುತ್ತದೆ. ಬಿಡಿಸಿದರೆ ಇಲಿಯ ತಲೆಬುರುಡೆ, ದವಡೆ, ಪಕ್ಕೆಲುಬು ಒಂದೊಂದೂ ಇಡಿಯಾಗಿ ಸಿಗುತ್ತದೆ. ಹದ್ದು, ಚಾಣಗಳ ಹೊಟ್ಟೆಯ ಆಮ್ಲ ಹೆಚ್ಚು ತೀಕ್ಷ್ಣ, ಮೂಳೆ ಬಹುಪಾಲು ಕರಗಿಹೋಗಿ ತುಪ್ಪಳ, ಪುಕ್ಕ ಮಾತ್ರ ಬರುತ್ತದೆ. ನಿನ್ನೆ ಇಡೀ ಇಲಿ ತಿಂದ ಗೂಬೆ ಇವತ್ತು ಉಂಡೆ ಕಾರಿಲ್ಲವೆಂದರೆ ಊಟ ಕೊಡುವ ಮುಂಚೆ ಹಿರಿಯರನ್ನು ಕೇಳಬೇಕು. ಒಳಗಿನದು ಹೊರಬರದೆ ಮೇಲೆ ತುಂಬಿಸುವುದು ಸರಿಯಲ್ಲ. ಬರೀ ಮೂಳೆಯಿಲ್ಲದ ಮಾಂಸ ಕೊಟ್ಟಿದ್ದರೆ ಮಾತ್ರ ಉಂಡೆ ಬಾರದಿರುವುದು ಸಹಜ. ಹೀಗೆ ನಿನ್ನೆಯ ಊಟದ ದಾಖಲೆ ಇಲ್ಲದೆ ಇವತ್ತಿನ ಆವರಣ ಅರ್ಥವಾಗುವುದಿಲ್ಲ.

ಮುಂದಿನ ಹಂತ ಅಡುಗೆಕೋಣೆ. ಎದೆಗಟ್ಟಿ ಇಲ್ಲದವರಿಗೆ ಇದೇ ದೊಡ್ಡ ಅಡ್ಡಿ, ಯಾಕೆಂದರೆ ಊಟ ಅಂದರೆ ಇಡೀ ಇಲಿ, ಒಂದು ದಿನದ ಕೋಳಿಮರಿ, ಲಾವಕ್ಕಿ, ಎಲ್ಲವೂ ಶೀತಲೀಕರಿಸಿದ್ದು. ಬರೀ ಮಾಂಸ ಯಾಕೆ ಸಾಲದು ಅಂದರೆ, ಮಾಂಸದಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ತೀರಾ ಕಡಿಮೆ. ಮೂಳೆ, ಕರುಳು, ತುಪ್ಪಳ ಸಹಿತ ಕೊಡದಿದ್ದರೆ ಹಕ್ಕಿಯ ಮೂಳೆಗಳೇ ಮೆತ್ತಗಾಗುತ್ತವೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಖಾನೆಗೆ ಇಳಿಸಿ ಕರಗಿಸಬೇಕು. ಬಿಸಿಲಲ್ಲಿ, ಮೈಕ್ರೋವೇವಿನಲ್ಲಿ ಕರಗಿಸಿದರೆ ಹೊರಗೆ ಬೆಚ್ಚಗಾಗಿ ಒಳಗೆ ಗಡ್ಡೆಯಾಗೇ ಉಳಿಯುತ್ತದೆ. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕುವಂತಿಲ್ಲ, ಮರುದಿನಕ್ಕೆ ಇಡುವಂತಿಲ್ಲ. ಹಕ್ಕಿಗಳ ಊಟದ ಫ್ರಿಜ್ಜಿನಲ್ಲಿ ಮನುಷ್ಯರ ಊಟ ಇಡಬೇಡಿ, ಸಾಲ್ಮೊನೆಲ್ಲಾ ಎಲ್ಲಿಂದ ಬಂತು ಅಂತ ಹುಡುಕುವ ಪರಿಸ್ಥಿತಿ ಬೇಡ.

ಅಳತೆ ಹಕ್ಕಿಯ ತೂಕದ ಮೇಲೆ ನಿಲ್ಲುತ್ತದೆ, ಮತ್ತು ಹಕ್ಕಿ ಸಣ್ಣದಾದಷ್ಟೂ ಪಾಲು ದೊಡ್ಡದು. 180 ಗ್ರಾಂ ತೂಗುವ ಕೆಸ್ಟ್ರೆಲ್ ಚಾಣ ದಿನಕ್ಕೆ ತನ್ನ ತೂಕದ ಸುಮಾರು 20 ಶೇಕಡಾ ತಿನ್ನುತ್ತದೆ, ಅಂದರೆ 36 ಗ್ರಾಂ, ಹೆಚ್ಚುಕಡಿಮೆ ಒಂದು ಕೋಳಿಮರಿ. 800 ಗ್ರಾಮಿನ ಹದ್ದಿಗೆ ಸುಮಾರು 10 ಶೇಕಡಾ ಸಾಕು, ಎರಡು ಮರಿ. ಇದು ಲೆಕ್ಕದ ಆರಂಭ ಮಾತ್ರ. ಚಳಿಯಲ್ಲಿ ಹೆಚ್ಚು ಬೇಕು, ಸೆಕೆಯಲ್ಲಿ ಕಡಿಮೆ, ಹೊಸ ಗರಿ ಬೆಳೆಸುವಾಗ ಮತ್ತೆ ಹೆಚ್ಚು. ಕೊಟ್ಟದ್ದನ್ನು ತೂಗಿ ಬರೆಯಿರಿ, ಮರುದಿನ ಉಳಿದದ್ದನ್ನೂ ತೂಗಿ ಬರೆಯಿರಿ. ಮೂಲೆಯಲ್ಲಿ, ಕಲ್ಲಿನ ಹಿಂದೆ ಹುಡುಕಬೇಕು, ಕೆಲವು ಹಕ್ಕಿಗಳು ಬಚ್ಚಿಡುತ್ತವೆ. ಬಚ್ಚಿಟ್ಟಿದ್ದನ್ನು ತಿಂದಿದೆ ಅಂತ ಬರೆದುಕೊಂಡರೆ ತೂಕ ಇಳಿಯುವುದು ಒಗಟಾಗಿ ಕಾಣುತ್ತದೆ.

ಹದ್ದು, ಚಾಣಗಳಿಗೆ ಗಂಟಲ ಬುಡದಲ್ಲಿ ಮೇವಿನ ಚೀಲವಿದೆ, ತುಂಬಿದಾಗ ಎದೆಯ ಮೇಲೆ ಉಬ್ಬಿ ಕಾಣುತ್ತದೆ. ಗೂಬೆಗೆ ಆ ಚೀಲ ಇಲ್ಲ. ಅದರ ಹೊಟ್ಟೆ ತುಂಬಿದೆಯೇ ಅಂತ ಹೊರಗಿನಿಂದ ಹೇಳಲಾಗದು, ಉಳಿಕೆ ಮತ್ತು ಉಂಡೆಯ ಲೆಕ್ಕವೇ ಆಧಾರ.

ಅಲ್ಲಿಂದ ತೂಕದ ಪುಸ್ತಕಕ್ಕೆ ಬಡ್ತಿ. ನನ್ನ ಮಟ್ಟಿಗೆ ಇಡೀ ತರಬೇತಿಯ ತಿರುಳು ಇದು. ಕಾಡಿನ ಹಕ್ಕಿ ಕಾಯಿಲೆಯನ್ನು ತೋರಿಸಿಕೊಳ್ಳುವುದಿಲ್ಲ. ಸುಸ್ತಾದಂತೆ ಕಂಡರೆ ಬೇರೆಯವರ ಬಾಯಿಗೆ ಬೀಳುತ್ತೇನೆ ಅನ್ನುವುದು ಅದರ ಮೈಯಲ್ಲೇ ಇದೆ. ಕಣ್ಣಿಗೆ ಕಾಣುವಷ್ಟು ಮಂಕಾಗುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಅದಕ್ಕೂ ಮುಂಚೆ ಹೇಳುವುದು ತಕ್ಕಡಿ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ಕೃತಕ ಹುಲ್ಲು ಹೊದಿಸಿದ ಕೂರುಮಣೆ ಇಟ್ಟು, ಸೊನ್ನೆ ಮಾಡಿ, ಹಕ್ಕಿಯನ್ನು ಹತ್ತಿಸಬೇಕು. ದಿನವೂ ಅದೇ ಹೊತ್ತು, ಊಟಕ್ಕೆ ಮುಂಚೆ, ಉಂಡೆ ಕಾರಿದ ಮೇಲೆ. ಕಿಟಕಿಯ ಗಾಳಿಗೆ ಅಂಕಿ ಓಲಾಡುತ್ತದೆ, ಮುಚ್ಚಿ. ಗೊತ್ತಿರುವ ತೂಕದ ಬಟ್ಟೊಂದನ್ನು ಇಟ್ಟು ತಕ್ಕಡಿಯನ್ನೂ ಆಗಾಗ ಪರೀಕ್ಷಿಸಿ.

ಅಂಕಿಯನ್ನು ಹಾಗೇ ಓದಬಾರದು. ಹದ್ದಿನಲ್ಲಿ 9 ಗ್ರಾಂ ಇಳಿದರೆ ಒಂದು ಹಿಕ್ಕೆ ಹಾಕಿರಬಹುದು ಅಷ್ಟೆ. 180 ಗ್ರಾಮಿನ ಚಾಣದಲ್ಲಿ ಅದೇ 9 ಗ್ರಾಂ ಅಂದರೆ 5 ಶೇಕಡಾ, ಆ ದಿನವೇ ಗಮನಕ್ಕೆ ತರಬೇಕಾದ ಇಳಿತ. 10 ಶೇಕಡಾ ಅಂದರೆ ಕಾಯುವ ಮಾತೇ ಇಲ್ಲ. ಬೇಟೆಹಕ್ಕಿಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದು, ಆದ್ದರಿಂದ ಒಂದೇ ಜಾತಿಯ ಎರಡು ಹಕ್ಕಿಗಳನ್ನು ಹೋಲಿಸಿ ಒಂದು ಸಣಕಲು ಅಂತ ತೀರ್ಮಾನಿಸಬಾರದು. ಹಕ್ಕಿಯನ್ನು ಅದರದೇ ಹಿಂದಿನ ತಿಂಗಳುಗಳ ಜೊತೆ ಹೋಲಿಸಬೇಕು. ಪುಸ್ತಕದ ಹಳೆಯ ಪುಟಗಳನ್ನು ತಿರುವಿ ನೋಡಿದಾಗ, ಪ್ರತಿ ವರ್ಷ ಅದೇ ಕಾಲಕ್ಕೆ ಏರಿ ಇಳಿಯುವ ಗೆರೆ ಕಾಣಿಸಿದಾಗ ಆಗುವ ಖುಷಿಯೇ ಬೇರೆ. ಆ ಗೆರೆ ಆ ಒಂದು ಹಕ್ಕಿಯದು, ಇನ್ನಾವುದರದ್ದೂ ಅಲ್ಲ.

ತೂಕದ ಜೊತೆಗೇ ಪಾದ ನೋಡುವುದನ್ನು ಕಲಿಸುತ್ತಾರೆ. ಹತ್ತಿರದಿಂದ ನೋಡಿದರೆ ಆರೋಗ್ಯವಾದ ಅಂಗಾಲಿನ ತುಂಬ ನವಿರಾದ ಗುಳ್ಳೆಗುಳ್ಳೆ ಚರ್ಮ ಇರುತ್ತದೆ. ಒಂದು ಕಡೆ ಆ ಗುಳ್ಳೆಗಳು ಸವೆದು, ನಯವಾಗಿ, ಗುಲಾಬಿ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಅದು ಪಾದದ ಹುಣ್ಣಿನ ಮೊದಲ ಗುರುತು. ಆ ಹಂತದಲ್ಲಿ ಕೂರುವ ಕೊಂಬೆ ಬದಲಿಸಿದರೆ ವಾಸಿಯಾಗುತ್ತದೆ, ಬಿಟ್ಟರೆ ಕಪ್ಪು ಹೆಕ್ಕಳೆ ಕಟ್ಟಿ, ಊದಿ, ಸೋಂಕು ಮೂಳೆಯವರೆಗೆ ಇಳಿಯುತ್ತದೆ. ಕಾರಣಗಳು ಗೊತ್ತಿರುವಂಥವೇ: ದಿನವಿಡೀ ಒಂದೇ ದಪ್ಪದ ನುಣುಪು ಕೋಲಿನ ಮೇಲೆ ಕೂರುವುದು, ಹಾರಾಟವಿಲ್ಲದೆ ಮೈತೂಕ ಏರಿರುವುದು, ಕೊಳಕು, ಒಂದು ಕಾಲು ನೋವಾಗಿ ಇನ್ನೊಂದರ ಮೇಲೇ ಭಾರ ಬಿಡುವುದು. ಬೇರೆ ಬೇರೆ ದಪ್ಪದ ತೊಗಟೆಯಿರುವ ಕೊಂಬೆ, ಕೆಲವಕ್ಕೆ ನಾರಿನ ಹಗ್ಗ, ಕೆಲವಕ್ಕೆ ಕೃತಕ ಹುಲ್ಲು, ಹೀಗೆ ಕಲಸಿ ಇಡಬೇಕು. ಹಾರಲಾರದ ಹಕ್ಕಿಗೆ ಮೆಟ್ಟಿಲಿನ ಹಾಗೆ ಏಣಿಕೊಂಬೆಗಳು ಬೇಕು, ಇಲ್ಲದಿದ್ದರೆ ಎತ್ತರದಿಂದ ದುಮುಕಿ ದುಮುಕಿ ಪಾದವೂ ಎದೆಮೂಳೆಯೂ ಪೆಟ್ಟು ತಿನ್ನುತ್ತವೆ.

ನಡುವೆ ಸುಮ್ಮನೆ ಕೂತು ನೋಡುವ ಪಾಳಿಗಳಿರುತ್ತವೆ. ಕುರ್ಚಿ ಹಾಕಿಕೊಂಡು, ಆವರಣದ ಹೊರಗೆ, ಮೊಬೈಲು ಒಳಗಿಟ್ಟು, ಕಂಡದ್ದನ್ನು ಬರೆಯುವುದು. ತಾಳ್ಮೆ ಕೆಡುವುದು ಇಲ್ಲೇ. ಆದರೆ ಇಲ್ಲಿ ಕಲಿತದ್ದೇ ಮುಂದೆ ಕೈ ಕಾಯುತ್ತದೆ. ಒಂದು ಕಾಲು ಪುಕ್ಕದೊಳಗೆ ಎಳೆದುಕೊಂಡು, ಗಲ್ಲದ ಪುಕ್ಕ ಸಡಿಲ ಬಿಟ್ಟು ಕೂತಿದ್ದರೆ ನೆಮ್ಮದಿ. ಮೈಯೆಲ್ಲ ಒಮ್ಮೆ ಕೊಡವಿಕೊಂಡರೆ ಇನ್ನೂ ಒಳ್ಳೆಯದು. ಪುಕ್ಕವನ್ನೆಲ್ಲ ಮೈಗಂಟಿಸಿ, ತೆಳ್ಳಗೆ ಉದ್ದವಾಗಿ, ಕಣ್ಣನ್ನು ಗೆರೆಯಷ್ಟೇ ತೆರೆದಿರುವ ಗೂಬೆ ನಿದ್ದೆ ಮಾಡುತ್ತಿಲ್ಲ, ಹೆದರಿ ಅಡಗಿಕೊಳ್ಳುತ್ತಿದೆ. ನೋಡಲು ಬಂದವರು ಇದನ್ನೇ ಮುದ್ದಾಗಿ ನಿದ್ದೆ ಮಾಡ್ತಿದೆ ಅನ್ನುತ್ತಾರೆ. ಕೊಕ್ಕು ಕಟಕಟ ಅನ್ನಿಸುವುದು, ಬುಸ್ಸೆನ್ನುವುದು ಸ್ಪಷ್ಟ ಎಚ್ಚರಿಕೆ. ರೆಕ್ಕೆ ಹರಡಿ ಊಟದ ಮೇಲೆ ಕವಿದುಕೊಂಡಿದ್ದರೆ ಹತ್ತಿರ ಹೋಗಬೇಡಿ. ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ ಅಥವಾ ಭಯ, ಮೊದಲು ನಾವು ದೂರ ಸರಿಯಬೇಕು.

ಗೂಬೆಯ ಕಣ್ಣು ಗುಳಿಯಲ್ಲಿ ಹೊರಳುವುದಿಲ್ಲ. ಅದಕ್ಕೇ ಕತ್ತಿನಲ್ಲಿ 14 ಮೂಳೆಗಳು, ನಮ್ಮ ಎರಡರಷ್ಟು, ಮತ್ತು ತಲೆ ಒಂದು ಬದಿಗೆ 270 ಡಿಗ್ರಿಯವರೆಗೂ ತಿರುಗುತ್ತದೆ. ಒಂದು ಕಣ್ಣು ಹೋದ ಗೂಬೆ ಆ ತಿರುಗುವಿಕೆಯಿಂದಲೇ ಅರ್ಧ ಲೋಕವನ್ನು ಹಿಡಿಯಬೇಕು, ಆದ್ದರಿಂದ ಕಾಣುವ ಕಣ್ಣಿನ ಕಡೆಯಿಂದ, ಮೆಲುದನಿಯಲ್ಲಿ ಮಾತಾಡುತ್ತಾ ಹೋಗಬೇಕು. ಕಣಜ ಗೂಬೆಯ ಎರಡು ಕಿವಿಗಳು ಬೇರೆ ಬೇರೆ ಎತ್ತರದಲ್ಲಿವೆ. ಸದ್ದು ಎರಡಕ್ಕೂ ತಲುಪುವಾಗಿನ ಸಣ್ಣ ವ್ಯತ್ಯಾಸದಿಂದ ಪೂರ್ತಿ ಕತ್ತಲಲ್ಲೂ ಇಲಿಯ ಜಾಗ ಗೊತ್ತುಮಾಡುತ್ತದೆ. ಅಂಥ ಕಿವಿಯ ಪಕ್ಕ ನೈಲಾನ್ ಜಾಕೆಟ್ಟಿನ ಜಿಪ್ ಎಳೆಯುವುದು, ವೆಲ್ಕ್ರೋ ಕಿತ್ತು ಬಿಡಿಸುವುದು ಎಷ್ಟು ಕಿರುಕುಳ ಅಂತ ಯೋಚಿಸಿ.

ಕಾಗೆ ಇರುವ ಕೇಂದ್ರವಾದರೆ ಇನ್ನೊಂದು ಎಚ್ಚರ. 2006ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಅವರ ತಂಡ ಮುಖವಾಡ ತೊಟ್ಟು ಕಾಗೆಗಳನ್ನು ಹಿಡಿದು, ಉಂಗುರ ತೊಡಿಸಿ ಬಿಟ್ಟಿತ್ತು. ಆಮೇಲೆ ಅದೇ ಮುಖವಾಡ ಹಾಕಿ ಬಂದವರ ಮೇಲೆ ಕಾಗೆಗಳು ವರ್ಷಗಟ್ಟಲೆ ಕೂಗಾಡಿದವು. ಔಷಧಿ ಹಾಕಲು ಕಾಗೆಯನ್ನು ಹಿಡಿಯುವವರೂ ಅದಕ್ಕೆ ದಿನವೂ ಊಟ ಕೊಟ್ಟು ಪಳಗಿಸುವವರೂ ಒಬ್ಬರೇ ಆಗದಂತೆ ಪಾಳಿ ಹಾಕುವುದು ಇದಕ್ಕೇ.

ಕೊನೆಗೆ ಕೈಗವಸು. ಹಕ್ಕಿ ಇಲ್ಲದೆಯೇ ಮೊದಲ ಅಭ್ಯಾಸ. ಎಡಗೈಗೆ ಕೈಗವಸು ಹಾಕಿ, ಮೊಣಕೈ ಮೈಗೆ ಒತ್ತಿ, ಮಣಿಕಟ್ಟು ಮೊಣಕೈಗಿಂತ ಒಂದು ಚೂರು ಮೇಲಿರುವಂತೆ ಹಿಡಿದು ನಡೆಯಬೇಕು. ಹಕ್ಕಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಕೈ ಇಳಿಬಿದ್ದರೆ ತೋಳಿನ ಮೇಲೆ, ಹೆಗಲಿಗೆ, ಮುಖದ ಹತ್ತಿರಕ್ಕೆ ಹತ್ತಿಬರುತ್ತದೆ. ನೀರು ತುಂಬಿದ ಲೋಟವನ್ನು ಮುಷ್ಟಿಯ ಮೇಲಿಟ್ಟು ತುಳುಕಿಸದೆ ನಡೆದು ರೂಢಿ ಮಾಡಿಕೊಳ್ಳಿ, ತೋಳು ಎಷ್ಟು ಬೇಗ ನಡುಗುತ್ತದೆ ಅಂತ ಗೊತ್ತಾಗುತ್ತದೆ. ಜೊತೆಗೆ ಬಲಗೈ ಒಂದರಿಂದಲೇ ಹಾಕುವ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಮೇಜಿನ ಕಾಲಿಗೆ ಹಗ್ಗ ಕಟ್ಟಿಕೊಂಡು, ಕಣ್ಣು ಮುಚ್ಚಿ ಹಾಕಲು ಬರುವವರೆಗೆ ಅಭ್ಯಾಸ ಮಾಡಬೇಕು. ಹಕ್ಕಿ ಕೈಮೇಲಿರುವಾಗ ಕಣ್ಣು ಗಂಟಿನ ಕಡೆ ಇರುವಂತಿಲ್ಲ.

ಹಕ್ಕಿಯ ಕಾಲಿಗೆ ಮೆತ್ತನೆ ಚರ್ಮದ ಪಟ್ಟಿ, ಅದರಿಂದ ಇಳಿಯುವ ಜೆಸ್ ಎಂಬ ಎರಡು ಎಳೆ, ಹೊಸೆದುಕೊಳ್ಳದಂತೆ ತಿರುಗುವ ಸ್ವಿವೆಲ್, ಅದಕ್ಕೆ ಹಗ್ಗ. ಪ್ರತಿ ಸಲವೂ ಪರೀಕ್ಷಿಸಬೇಕು: ಪಟ್ಟಿ ಕಾಲಿನ ಸುತ್ತ ಸಲೀಸಾಗಿ ತಿರುಗಬೇಕು ಆದರೆ ಪಾದದಿಂದ ಜಾರಬಾರದು, ಚರ್ಮ ಒಣಗಿ ಬಿರುಕು ಬಿಟ್ಟಿರಬಾರದು, ಸೀಳಿನ ತುದಿ ಹರಿಯುತ್ತಾ ಬಂದಿರಬಾರದು, ಸ್ವಿವೆಲ್ ತಿರುಗಬೇಕು. ಹಾರಲಾರದ ಹಕ್ಕಿ ಹಗ್ಗ ಸಮೇತ ತಪ್ಪಿಸಿಕೊಂಡರೆ ಪೊದೆಗೆ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತದೆ.

ಹತ್ತಿಸುವಾಗ ಮೇವಿನ ಒಂದು ಸಣ್ಣ ತುಂಡನ್ನು ಕೈಗವಸಿನ ಮೇಲಿಟ್ಟು ಹಕ್ಕಿಯ ಮುಂದೆ ಹಿಡಿದು ಕಾಯಬೇಕು. ಅದಾಗಿ ಕಾಲಿಟ್ಟರೆ ಸರಿ, ಮೈ ಬಿಗಿದುಕೊಂಡರೆ ಅಂದಿಗೆ ಅಷ್ಟೆ. ಬಲವಂತದಿಂದ ಹತ್ತಿಸಿದ ಒಂದು ದಿನ ಹಿಂದಿನ ಎಷ್ಟೋ ದಿನಗಳ ನಂಬಿಕೆಯನ್ನು ಅಳಿಸುತ್ತದೆ. ಈ ತುಂಡುಗಳ ತೂಕವನ್ನೂ ದಿನದ ಊಟದಿಂದ ಕಳೆಯಿರಿ. ಮೊದಲ ಸಲ ಗೂಬೆ ಕಾಲಿಟ್ಟಾಗ ಅಚ್ಚರಿಯಾಗುವುದು ಅದರ ಹಗುರ. ಅಷ್ಟು ದೊಡ್ಡದಾಗಿ ಕಾಣುವ ಹಕ್ಕಿ, ಬಹುಪಾಲು ಪುಕ್ಕವೇ.

ಹೆದರಿದ ಹಕ್ಕಿ ಕೈಯಿಂದ ಹಾರಲು ಹೋಗಿ ಜೆಸ್‌ಗೆ ತಲೆಕೆಳಗಾಗಿ ಜೋತುಬೀಳುತ್ತದೆ. ಜೀವ ಬಾಯಿಗೆ ಬಂದಂತಾಗುತ್ತದೆ, ಆದರೆ ಕೈ ಜಗ್ಗಬೇಡಿ. ತೋಳನ್ನು ಸ್ಥಿರವಾಗಿ ಹಿಡಿದು, ಹೆದರಿಸಿದ್ದರ ಕಡೆಗೆ ನಿಮ್ಮ ಬೆನ್ನು ತಿರುಗಿಸಿ. ಎರಡು ರೆಕ್ಕೆಯೂ ಚೆನ್ನಾಗಿದ್ದರೆ ತಾನೇ ಬಡಿದು ಮೇಲೇರುತ್ತದೆ. ರೆಕ್ಕೆ ಕಳೆದುಕೊಂಡ ಹಕ್ಕಿಗೆ ಅದು ಸಾಧ್ಯವಿಲ್ಲ. ಬಲ ಅಂಗೈಯನ್ನು ಬೆನ್ನಿಗೆ ಕೊಟ್ಟು ಮೆಲ್ಲಗೆ ಎತ್ತಿ ಕೂರಿಸಬೇಕು. ಮತ್ತೆ ಮತ್ತೆ ಹೀಗಾದರೆ ಆವರಣಕ್ಕೆ ವಾಪಸ್. ಉಗುರು ಕೈಗೆ ಕಚ್ಚಿಕೊಂಡರೆ ಕಿತ್ತುಕೊಳ್ಳಲು ಹೋಗಬೇಡಿ, ಎಳೆದಷ್ಟೂ ಬಿಗಿಯುತ್ತದೆ. ಕಾಲು ಮಡಚಿದಾಗ ಬೆರಳುಗಳ ಸ್ನಾಯುರಜ್ಜು ಬಿಗಿಯಾಗಿ ಕೊಂಡಿಯಂತೆ ಕಚ್ಚಿಕೊಳ್ಳುವುದು ಬೇಟೆಹಕ್ಕಿಯ ಪಾದದ ರಚನೆ. ಜೊತೆಯಲ್ಲಿರುವವರು ಹಕ್ಕಿಯ ಕಾಲನ್ನು ನೀಳವಾಗಿ ಚಾಚಿದರೆ ಹಿಡಿತ ಸಡಿಲುತ್ತದೆ. ಗಾಯವನ್ನು ಸೋಪುನೀರಿನಲ್ಲಿ ಚೆನ್ನಾಗಿ ತೊಳೆದು ಪುಸ್ತಕದಲ್ಲಿ ದಾಖಲಿಸಿ, ಆಳವಾಗಿದ್ದರೆ ವೈದ್ಯರಿಗೆ ತೋರಿಸಿ.

ಜನರ ಮುಂದೆ ನಿಲ್ಲುವ ಅನುಮತಿ ಬೇರೆಯೇ ಪರೀಕ್ಷೆ. ಹಕ್ಕಿಗೆ ಸದಾ ಒಂದು ಬದಿ ಖಾಲಿ ಇರಬೇಕು, ಸುತ್ತಲೂ ಜನ ಮುತ್ತುವಂತಿಲ್ಲ. ಫ್ಲ್ಯಾಶ್ ಬೇಡ. ಹಕ್ಕಿಯ ಬೆನ್ನು ಸವರಲು ಕೊಡುವಂತಿಲ್ಲ. ಅದು ಸಹಿಸಿಕೊಳ್ಳುತ್ತದೆ ಅಷ್ಟೆ, ಇಷ್ಟಪಡುವುದಿಲ್ಲ, ಮೇಲಾಗಿ ಕೈಯ ಜಿಡ್ಡು ಪುಕ್ಕಕ್ಕೆ ಒಳ್ಳೆಯದಲ್ಲ. ಮುಟ್ಟಲಿಕ್ಕೆ ಬೇಕೆನ್ನುವ ಮಕ್ಕಳಿಗೆ ಉದುರಿದ ಗರಿ, ಒಣಗಿಸಿ ಶುದ್ಧಮಾಡಿದ ಉಂಡೆ ಕೊಡಿ. ಗರಿ ಕೇಂದ್ರದಲ್ಲೇ ಉಳಿಯಬೇಕು. ಉದ್ದ ಗರಿಗಳನ್ನು ಅಳತೆ, ದಿನಾಂಕ ಬರೆದು ಜೋಪಾನವಾಗಿ ಎತ್ತಿಡುತ್ತಾರೆ. ಮುಂದೆ ಅದೇ ಹಕ್ಕಿಯ ಗರಿ ತುಂಡಾದರೆ, ಉಳಿದ ಟೊಳ್ಳು ದಂಟಿನೊಳಗೆ ಬಿದಿರಿನ ಕಡ್ಡಿ ತೂರಿಸಿ ಹಳೆಯ ಗರಿಯನ್ನು ಅಂಟಿಸಿ ಜೋಡಿಸಲು ಬರುತ್ತದೆ.

ಅನುಮತಿ ಪತ್ರ ಕೈಗೆ ಬಂದ ಮೇಲೂ ಅದು ಹಕ್ಕಿವಾರು ಇರುತ್ತದೆ. ಕಣಜ ಗೂಬೆಗೆ ಸಿಕ್ಕಿದ್ದು ಹದ್ದಿಗೆ ಲಾಗುವಾಗುವುದಿಲ್ಲ. ಅದರ ಕಡತ, ಅದರ ಹಿಕ್ಕೆ, ಅದರ ತೂಕದ ಪುಟದಿಂದ ಮತ್ತೆ ಶುರು. ಕೆಲವು ವಾರ ಬರಲಾಗದಿದ್ದರೆ ವಾಪಸ್ಸಾದ ದಿನ ನೇರ ಕೈಗವಸು ತೊಡದೆ, ನೀವಿಲ್ಲದ ದಿನಗಳ ಪುಟಗಳನ್ನು ಓದಿ, ಆವರಣ ತೊಳೆದು, ಸ್ವಲ್ಪ ಹೊತ್ತು ಹೊರಗೆ ಕೂತು ನೋಡಿ.